ನಲವತ್ತೆಂಟನೆಯ ಸಾಲು

ಗೆರೆಯಕ್ಕ ಮಂಗಳವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ದೊಡ್ಡಾಸ್ಪತ್ರೆಯ ಮೂರನೆಯ ಮಹಡಿಯಲ್ಲಿ ತೀರಿಕೊಂಡಳು. ವಯಸ್ಸು ಐವತ್ತೆರಡು. ಗರ್ಭಕಂಠದ ಕ್ಯಾನ್ಸರ್. ಹಾಸಿಗೆಯ ಒಂದು ಪಕ್ಕ ಗಂಡ ನಿಂತಿದ್ದ. ಅವನು ದರ್ಜಿ, ಅಂಗಡಿಯಿಂದ ಎದ್ದು ಬಂದವನ ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತುಬಿದ್ದಿತ್ತು. ಇನ್ನೊಂದು ಪಕ್ಕ ಇಪ್ಪತ್ತು ವರ್ಷಗಳಿಂದ ಗೆಳತಿಯಾಗಿದ್ದ ನರ್ಸಮ್ಮ, ಮೊದಲು ಏಳನೆಯ ವಾರ್ಡಿನ ಆರೋಗ್ಯ ಕೇಂದ್ರದಲ್ಲಿದ್ದವಳು. ಹೇಳಬೇಕಾದ್ದು ಗೆರೆಯಕ್ಕನ ಬದುಕು. ಆದರೆ ನರ್ಸಮ್ಮನನ್ನು ಬಿಟ್ಟು ಅದನ್ನು ಹೇಳಲು ಬರುವುದಿಲ್ಲ.

ಕಾಗದದ ಮೇಲೆ ಗೆರೆಯಕ್ಕ ಕ್ಯಾನ್ಸರ್ ತಡೆ ಕಾರ್ಯಕ್ರಮದ ಜಿಲ್ಲಾ ಸಂಯೋಜಕಿ. ಆ ಉದ್ದದ ಹೆಸರನ್ನು ಯಾರೂ ಪೂರ್ತಿ ಹೇಳಿದವರಲ್ಲ. ಕಂಕುಳಲ್ಲಿ ದಪ್ಪ ರಟ್ಟಿನ ಒಂದು ರಿಜಿಸ್ಟರು, ಚೀಲದಲ್ಲಿ ಒಂದು ಸ್ಟೀಲಿನ ಅಡಿಪಟ್ಟಿ, ಒಂದು ಕೆಂಪು ಪೆನ್ನು. ಓಣಿಯ ಮೊದಲ ಮನೆಯವರು ಕಿಟಕಿಯಿಂದ ನೋಡಿ, "ಗೆರೆಯಕ್ಕ ಬಂದ್ಲು ನೋಡ್ರೇ" ಎಂದು ಕೂಗಿದರೆ ಕೊನೆಯ ಮನೆಗೆ ಕೇಳುತ್ತಿತ್ತು. ಕೆಲವರು ಬಾಗಿಲು ತೆರೆಯುತ್ತಿದ್ದರು, ಕೆಲವರು ಹಿತ್ತಿಲಿನಿಂದ ಜಾರಿಕೊಳ್ಳುತ್ತಿದ್ದರು. ಜಾರಿಕೊಂಡವರಿಗಾಗಿ ಅವಳು ಹಿತ್ತಿಲಲ್ಲೇ ಕಾದು ನಿಂತಿರುತ್ತಿದ್ದಳು.

ಆ ರಿಜಿಸ್ಟರು ಸರ್ಕಾರ ಕೊಟ್ಟದ್ದಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷ ವಾರ್ಡಿನ ಶಿಬಿರಗಳಲ್ಲಿ ಪರೀಕ್ಷೆಯಾದ ಹೆಂಗಸರ ಲೆಕ್ಕ ಆರೋಗ್ಯ ಕೇಂದ್ರದಲ್ಲಿತ್ತು. ರೋಗದ ಗುರುತು ಸಿಕ್ಕವರ ಲೆಕ್ಕ ರಾಜ್ಯ ಕಚೇರಿಯ ಪ್ರಯೋಗಾಲಯದಲ್ಲಿತ್ತು. ಚಿಕಿತ್ಸೆಗೆ ಬಂದವರ ಲೆಕ್ಕ ದೊಡ್ಡಾಸ್ಪತ್ರೆಯಲ್ಲಿತ್ತು. ಮೂರು ಕಡೆಯವರೂ ಉಳಿದಿಬ್ಬರು ತಿಳಿಸಿರುತ್ತಾರೆ ಎಂದುಕೊಂಡು ನೆಮ್ಮದಿಯಾಗಿದ್ದರು. ಗೆರೆಯಕ್ಕ ಮೂರು ಪಟ್ಟಿಗಳನ್ನೂ ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು ಒಂದೊಂದೇ ಹೆಸರನ್ನು ಬೆರಳಿಟ್ಟು ಹುಡುಕಿದಳು. ಮೂವತ್ತೊಂದು ಹೆಂಗಸರಿಗೆ ತಮಗೆ ಕಾಯಿಲೆಯಿದೆ ಎಂದೇ ಯಾರೂ ಹೇಳಿರಲಿಲ್ಲ. ಅವರಲ್ಲಿ ಒಂಬತ್ತು ಜನ ಆಗಲೇ ತೀರಿಕೊಂಡಿದ್ದರು.

ಆವತ್ತೇ ಅವಳು ಸ್ವಂತ ರಿಜಿಸ್ಟರು ತಂದು ಪ್ರತಿ ಹೆಸರಿನ ಮುಂದೆ ನಾಲ್ಕು ಮನೆ ಎಳೆದಳು. ಪರೀಕ್ಷೆ ಆಯಿತು, ಸುದ್ದಿ ಮುಟ್ಟಿತು, ಆಸ್ಪತ್ರೆಗೆ ಹೋದರು, ಚಿಕಿತ್ಸೆ ಶುರುವಾಯಿತು. ನಾಲ್ಕೂ ತುಂಬಿದ ದಿನ ಅಡಿಪಟ್ಟಿ ಇಟ್ಟು ಆ ಸಾಲಿನ ಮೇಲೆ ಕೆಂಪು ಗೆರೆ. ಅದಕ್ಕೂ ಮೊದಲು ಸತ್ತವರ ಸಾಲಿಗೆ ಗೆರೆ ಇಲ್ಲ. ಅವು ಹಾಗೇ ತೆರೆದುಕೊಂಡಿರುತ್ತಿದ್ದವು.

"ಅವರನ್ನೂ ಹೊಡೆದುಹಾಕು ಮಾರಾಯ್ತಿ, ಪುಟ ಚೊಕ್ಕ ಆಗತ್ತೆ" ಎಂದು ನರ್ಸಮ್ಮ ಒಮ್ಮೆ ಹೇಳಿದ್ದಳು.

"ಚೊಕ್ಕ ಆಗ್ಬಾರ್ದು. ನನಗೆ ನಾಚಿಕೆ ಆಗ್ತಾ ಇರ್ಬೇಕು" ಎಂದಿದ್ದಳು ಗೆರೆಯಕ್ಕ.

ನಲವತ್ತೆಂಟನೆಯ ಸಾಲಿನ ಕಥೆ ಶುರುವಾದದ್ದು ಏಳನೆಯ ವಾರ್ಡಿನ ಶಾಲೆಯಲ್ಲಿ ನಡೆದ ಒಂದು ಶಿಬಿರದಲ್ಲಿ. ಶಿಬಿರವೆಂದರೆ ಒಂದು ತರಗತಿ ಕೋಣೆ, ಬೆಂಚುಗಳನ್ನು ಜೋಡಿಸಿ ಮಾಡಿದ ಮಂಚ, ಹಗ್ಗಕ್ಕೆ ಇಳಿಬಿಟ್ಟ ಹಸಿರು ಪರದೆ. ಗರ್ಭಕೋಶದ ಬಾಯಿಯಿಂದ ಸವರಿ ತೆಗೆದದ್ದನ್ನು ಗಾಜಿನ ಸ್ಲೈಡಿಗೆ ಹಚ್ಚಿ, ಐವತ್ತು ಸ್ಲೈಡು ಹಿಡಿಸುವ ಮರದ ಪೆಟ್ಟಿಗೆಯಲ್ಲಿ ರಾಜ್ಯ ಕಚೇರಿಗೆ ಕಳಿಸಬೇಕು. ಪೆಟ್ಟಿಗೆಯಲ್ಲಿ ಐವತ್ತು ಇಲ್ಲದಿದ್ದರೆ ಅದು ಶಿಬಿರವೇ ಅಲ್ಲವೆಂಬ ಆದೇಶ ಆ ವರ್ಷ ಬಂದಿತ್ತು. ಎರಡು ಬಾರಿ ಹಾಗಾದರೆ ಆ ವಾರ್ಡಿಗೆ ಮುಂದಿನ ವರ್ಷ ಶಿಬಿರವೇ ಇಲ್ಲ. ಏಳನೆಯ ವಾರ್ಡಿಗೆ ಆಗಲೇ ಒಂದು ಸಲ ಹಾಗಾಗಿತ್ತು.

ಸಂಜೆ ನಾಲ್ಕಕ್ಕೆ ಎಣಿಸಿದರೆ ನಲವತ್ತೇಳು. ಬೀದಿಯಲ್ಲಿ ಇನ್ನೊಂದು ಸುತ್ತು ಹಾಕಿ ಬಂದ ಗೆರೆಯಕ್ಕ ಬೆವರು ಒರೆಸಿಕೊಳ್ಳುತ್ತ, "ಯಾರೂ ಬರಲ್ವಂತೆ. ಒಬ್ಬಳಿಗೆ ಒಲೆ ಮೇಲೆ ಹಾಲಿದೆ, ಇನ್ನೊಬ್ಬಳಿಗೆ ಅತ್ತೆ ಮನೇಲಿದಾರೆ" ಎಂದಳು.

"ಹಾಗಾದ್ರೆ ನೀನೇ ಮಲಗು" ಎಂದಳು ನರ್ಸಮ್ಮ. "ಊರವರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ನದು ಯಾವತ್ತಾದ್ರೂ ಆಗಿದ್ಯಾ?"

"ನನಗೇನಾಗತ್ತೆ? ಗುಂಡುಕಲ್ಲು ಇದ್ದ ಹಾಗಿದೀನಿ."

"ಗುಂಡುಕಲ್ಲೇ, ಬೇಗ ಮಲಗು, ನನಗೆ ಬಸ್ ತಪ್ಪತ್ತೆ."

ಹೀಗೆ ಗೆರೆಯಕ್ಕ, ಶಿಬಿರದ ಕೆಲಸಕ್ಕೆ ಬಂದಿದ್ದ ಆಯಾ, ಕೊನೆಗೆ ನರ್ಸಮ್ಮ, ಮೂವರದೂ ಸೇರಿ ಐವತ್ತಾಯಿತು. ಬೇರೆ ಶಿಬಿರಗಳಲ್ಲಿ ಬೇರೆ ನರ್ಸುಗಳೂ ಹೀಗೆಯೇ ತುಂಬಿಸುತ್ತಿದ್ದರು. ಅದರಲ್ಲಿ ಮೋಸವಿದೆ ಎಂದು ಯಾರಿಗೂ ಅನಿಸಿರಲಿಲ್ಲ, ಪರೀಕ್ಷೆಯಂತೂ ನಿಜವಾದದ್ದೇ. ಗೆರೆಯಕ್ಕ ರಿಜಿಸ್ಟರು ಎತ್ತಿಕೊಂಡು ಮನೆಗೆ ಹೋದಳು. ನರ್ಸಮ್ಮ ಫಾರಂ ತುಂಬಲು ಕುಳಿತಳು. ಸಿಬ್ಬಂದಿಯ ಹೆಸರು ಹಾಕಿದರೆ ರಾಜ್ಯ ಕಚೇರಿಯ ಕಂಪ್ಯೂಟರು ತಿರಸ್ಕರಿಸುತ್ತದೆ, ವಾರ್ಡಿನ ನಿವಾಸಿಯೇ ಆಗಿರಬೇಕು ಎಂಬುದು ಅವಳಿಗೆ ಆಗ ನೆನಪಾಯಿತು. ಬಸ್ಸಿನ ಹಾರ್ನು ಕೇಳುತ್ತಿತ್ತು. ಬಾಯಿಗೆ ಬಂದ ಮೂರು ಹೆಸರು, ಮೂರು ವಯಸ್ಸು, ಮೂರು ವಿಳಾಸ ಗೀಚಿ, ಪೆಟ್ಟಿಗೆ ಮುಚ್ಚಿ ಓಡಿದಳು. ಗೆರೆಯಕ್ಕನಿಗೆ ಹೇಳಬೇಕೆಂದುಕೊಂಡಿದ್ದಳು. ಮರುದಿನ ಇನ್ನೊಂದು ಶಿಬಿರ, ಅದರ ಮರುದಿನ ಇನ್ನೊಂದು. ವಾರ ಕಳೆಯುವಷ್ಟರಲ್ಲಿ ಮರೆತೇಹೋಯಿತು. ಮುಂದಿನ ತಿಂಗಳು ಅವಳಿಗೆ ಜಿಲ್ಲೆಯ ಇನ್ನೊಂದು ಮೂಲೆಗೆ ವರ್ಗವಾಯಿತು.

ಆರು ವಾರದ ಮೇಲೆ ಫಲಿತಾಂಶ ಬಂತು. ಆ ವರ್ಷ ಇಡೀ ಜಿಲ್ಲೆಯಿಂದ ತೊಂಬತ್ತಾರು ಹೆಂಗಸರ ಹೆಸರು ಗೆರೆಯಕ್ಕನ ರಿಜಿಸ್ಟರಿಗೆ ಏರಿತು. ಅವುಗಳಲ್ಲಿ ನಲವತ್ತೆಂಟನೆಯದು ಏಳನೆಯ ವಾರ್ಡಿನ ಒಬ್ಬಳದು. ವಯಸ್ಸು ನಲವತ್ತನಾಲ್ಕು, ನೀರಿನ ಟ್ಯಾಂಕಿನ ಹಿಂದಿನ ಓಣಿ, ಮನೆ ಸಂಖ್ಯೆ ಹನ್ನೊಂದು, ಫೋನ್ ನಂಬರು ಇಲ್ಲ. ಉಳಿದ ಬಹುಪಾಲು ಹೆಂಗಸರಿಗೆ ಕಾಯಿಲೆ ಇನ್ನೂ ಮೊಳಕೆಯಲ್ಲಿತ್ತು. ಇವಳ ಮುಂದೆ 'ತುರ್ತು' ಎಂಬ ನೀಲಿ ಮುದ್ರೆ ಬಿದ್ದಿತ್ತು.

ಗೆರೆಯಕ್ಕ ಅದೇ ದಿನ ಹೋದಳು. ಆ ಓಣಿಯಲ್ಲಿದ್ದದ್ದೇ ಒಂಬತ್ತು ಮನೆ. ಒಂಬತ್ತನೆಯದಾದ ಮೇಲೆ ಮರ ಕೊಯ್ಯುವ ಮಿಲ್ಲಿನ ಗೋಡೆ. ಒಂಬತ್ತೂ ಬಾಗಿಲು ತಟ್ಟಿದಳು. ಆ ಹೆಸರಿನವರು ಯಾರೂ ಇಲ್ಲ. ಹಳೆಯ ಬಾಡಿಗೆದಾರರೇನೋ ಎಂದು ಅಂಚೆಯವನನ್ನು ಕೇಳಿದಳು.

"ಹದಿನೆಂಟು ವರ್ಷದಿಂದ ಇಲ್ಲಿ ಕಾಗದ ಹಾಕ್ತಿದೀನಿ ಅಕ್ಕಾ. ಹನ್ನೊಂದನೇ ನಂಬರಿಗೆ ಹಾಕ್ಬೇಕು ಅಂದ್ರೆ ಗೋಡೆ ಹಾರ್ಬೇಕು" ಎಂದ ಅವನು.

ಅಲ್ಲಿಂದ ಶುರುವಾದ ಹುಡುಕಾಟ ಹದಿನೈದು ತಿಂಗಳು ದಾಟಿತು. ಸುದ್ದಿ ಮುಟ್ಟದೆ ಒಬ್ಬಳು ಹೆಂಗಸು ಎಲ್ಲೋ ಅಡುಗೆ ಮಾಡಿಕೊಂಡು, ಬಟ್ಟೆ ಒಗೆದುಕೊಂಡು ಓಡಾಡುತ್ತಿದ್ದಾಳೆ ಎಂಬುದು ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಮಿಲ್ಲಿನ ಕೂಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕೇಳಿದಳು. ಮತದಾರರ ಪಟ್ಟಿ ತಿರುವಿದಳು. ಅದೇ ಹೆಸರಿನ ಒಬ್ಬಳು ಆ ಓಣಿ ಬಿಟ್ಟು ಬೇರೆ ಊರಿಗೆ ಹೋಗಿದ್ದಾಳೆಂದು ತಿಳಿದು ಮೂರು ಗಂಟೆ ಬಸ್ಸಿನಲ್ಲಿ ನಿಂತುಕೊಂಡೇ ಹೋದಳು. ಆ ಹೆಂಗಸು ಯಾವ ಶಿಬಿರಕ್ಕೂ ಹೋದವಳಲ್ಲ. ಅವಳ ಗಂಡ ಬಾಗಿಲಿಗೆ ಅಡ್ಡ ನಿಂತು, "ನಮ್ಮನೆ ಹೆಂಗಸಿಗೆ ಇಲ್ಲದ ಕಾಯಿಲೆ ಹಚ್ಚೋಕೆ ಬಂದ್ಯಾ? ಕಾಲು ಮುರೀತೀನಿ" ಎಂದ. ಗೆರೆಯಕ್ಕ ವಾಪಸು ಮೂರು ಗಂಟೆ ಬಂದಳು. ಸೊಂಟ ಹಿಡಿದುಕೊಂಡಿತ್ತು. ಬಸ್ಸಿನ ಕುಲುಕಾಟಕ್ಕೆ ಎಂದುಕೊಂಡಳು.

ತಿಂಗಳಿಗೊಮ್ಮೆ ರಾಜ್ಯ ಕಚೇರಿಯವರು ಎಲ್ಲ ಜಿಲ್ಲೆಗಳವರನ್ನೂ ವಿಡಿಯೋದಲ್ಲಿ ಕೂರಿಸಿಕೊಂಡು ಸಭೆ ಮಾಡುತ್ತಿದ್ದರು. ಅಂಕಿ ಅಂಶ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಇವರೆಲ್ಲ ಇಟ್ಟ ಹೆಸರು ಶೇಕಡಾ ಸಾಹೇಬರು. ಕೆಟ್ಟ ಮನುಷ್ಯನಲ್ಲ, ಆದರೆ ಶೇಕಡಾ ಇಲ್ಲದೆ ಅವರಿಗೆ ಉಸಿರಾಡಲು ಬರುತ್ತಿರಲಿಲ್ಲ.

"ಮೇಡಂ, ನಿಮ್ಮ ಜಿಲ್ಲೆ ತೊಂಬತ್ತೊಂಬತ್ತು ಶೇಕಡಾ ಮುಟ್ಟಿದೆ. ರಾಜ್ಯಕ್ಕೇ ಮೊದಲು. ಆ ಒಂದನ್ನ 'ವಿಳಾಸದಲ್ಲಿಲ್ಲ' ಅಂತ ಒತ್ತಿ ಮುಚ್ಚಿಬಿಡಿ, ನೂರಾಗತ್ತೆ."

"ಶೇಕಡಾ ಬಂದು ಬಾಗಿಲು ತೆಗೆಯಲ್ಲ ಸಾರ್. ಯಾರೋ ಒಬ್ಬಳು ತೆಗೀಬೇಕು."

"ಹದಿನಾಲ್ಕು ತಿಂಗಳಾಯ್ತಲ್ಲ ಮೇಡಂ! ಇನ್ನೂ ಇದಾರೋ ಇಲ್ವೋ."

"ಇಲ್ಲ ಅಂತಾದ್ರೂ ಗೊತ್ತಾಗ್ಲಿ."

ಪ್ರತಿ ಭಾನುವಾರ ಅವಳು ನರ್ಸಮ್ಮನಿಗೆ ಫೋನು ಮಾಡುತ್ತಿದ್ದಳು. "ನಲವತ್ತೆಂಟು ಈ ವಾರವೂ ಸಿಗ್ಲಿಲ್ಲ ಕಣೇ" ಎನ್ನುತ್ತಿದ್ದಳು. ಹೆಸರಾಗಲಿ ವಾರ್ಡಾಗಲಿ ಹೇಳುತ್ತಿರಲಿಲ್ಲ, ಸಂಖ್ಯೆಯೇ ಆ ಹೆಂಗಸಿನ ಹೆಸರಾಗಿತ್ತು. ನರ್ಸಮ್ಮ ಅಲ್ಲಿ ಇನ್ನೊಂದು ಕೈಯಲ್ಲಿ ತರಕಾರಿ ಹೆಚ್ಚುತ್ತ, "ಯಾವ ಪುಣ್ಯಾತ್ಗಿತ್ತಿಯೋ, ನಿನ್ನ ಜೀವ ತಿಂತಾಳೆ" ಎನ್ನುತ್ತಿದ್ದಳು.

ಗೆರೆಯಕ್ಕ ಸೊರಗುತ್ತಿರುವುದನ್ನು ಮೊದಲು ಕಂಡವನು ಗಂಡ. ಅವಳ ಬಟ್ಟೆಗಳನ್ನು ಮೂವತ್ತು ವರ್ಷದಿಂದ ಹೊಲಿದವನು ಅವನೇ. ಆರು ತಿಂಗಳಲ್ಲಿ ಮೂರು ಸಲ ರವಿಕೆಯ ಪಕ್ಕದ ಹೊಲಿಗೆ ಹಿಡಿದು ಬಿಗಿಮಾಡಿದ. ಮೂರನೆಯ ಸಲ ಮಷೀನು ನಿಲ್ಲಿಸಿ, "ನಾಲ್ಕಿಂಚು ಕಮ್ಮಿ ಆಗಿದೀಯ. ನೀನು ಸುಳ್ಳು ಹೇಳ್ಬಹುದು, ಟೇಪು ಹೇಳಲ್ಲ. ನಡಿ ಆಸ್ಪತ್ರೆಗೆ" ಎಂದ. ಆಗ ಅವಳು ಬಾಯಿಬಿಟ್ಟಳು. ನಾಲ್ಕು ತಿಂಗಳಿಂದ ರಕ್ತ ಹೋಗುತ್ತಿತ್ತು. ಮುಟ್ಟು ನಿಲ್ಲುವ ಹೊತ್ತಿನ ಏರುಪೇರು ಎಂದುಕೊಂಡಿದ್ದಳು. ಊರಿನ ನೂರಾರು ಹೆಂಗಸರಿಗೆ ಹಾಗೆ ಅಂದುಕೊಳ್ಳಬೇಡಿ ಎಂದು ಬಾಯಿ ನೋಯುವಷ್ಟು ಹೇಳಿದವಳು ಅವಳೇ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ನೀವೇ ಹೀಗೆ ಬಂದ್ರೆ ಹೇಗೆ? ಯಾವತ್ತೂ ಪರೀಕ್ಷೆ ಮಾಡಿಸ್ಕೊಂಡಿಲ್ವಾ?"

"ಮಾಡಿಸ್ಕೊಂಡಿದೀನಿ. ಏನೂ ಇರ್ಲಿಲ್ಲ. ಇದ್ದಿದ್ರೆ ನನ್ನ ಪಟ್ಟಿಗೇ ಬರ್ತಿತ್ತಲ್ಲ!"

ರೋಗ ಅಷ್ಟರಲ್ಲಿ ಮೂತ್ರಪಿಂಡದ ದಾರಿಯನ್ನೂ ಮುಚ್ಚಿತ್ತು. ವಿಕಿರಣ ಚಿಕಿತ್ಸೆ ಶುರುಮಾಡಿದರು. ನೋವು ತಗ್ಗಿಸಲು ಮಾತ್ರ ಎಂದು ಗಂಡನನ್ನು ಹೊರಗೆ ಕರೆದು ಹೇಳಿದರು. ಅವನು ಒಳಗೆ ಬಂದು ಹೇಳುವ ಮೊದಲೇ ಅವಳಿಗೆ ತಿಳಿದಿತ್ತು. ಆ ಮಾತನ್ನು ಎಷ್ಟೋ ಗಂಡಂದಿರಿಗೆ ಕಾರಿಡಾರಿನಲ್ಲಿ ಹೇಳಿದ್ದು ಅವಳೇ ಅಲ್ಲವೆ?

ನರ್ಸಮ್ಮ ರಜೆ ಹಾಕಿ ಓಡಿಬಂದಳು. ಗೆರೆಯಕ್ಕನಿಗೆ ತನ್ನ ಕಾಯಿಲೆಗಿಂತ ಇನ್ನೊಂದರ ಚಿಂತೆ.

"ತೊಂಬತ್ತೈದಕ್ಕೂ ಗೆರೆ ಬಿದ್ದಿದೆ. ಇದೊಂದು ನೀನು ಹುಡುಕ್ಬೇಕು. ನಿನ್ನದೇ ಶಿಬಿರ ಅದು, ಏಳನೇ ವಾರ್ಡು. ಯಾರಾದ್ರೂ ನೆನಪಾಗ್ತಾರಾ ನೋಡು" ಎಂದು ದಿಂಬಿನ ಕೆಳಗಿನಿಂದ ಫಾರಮ್ಮಿನ ನಕಲು ತೆಗೆದು ಕೊಟ್ಟಳು. ಮೂಲ ಫಾರಮ್ಮಿನ ಈ ನಕಲನ್ನು ಹಿಂದಿನ ವಾರವಷ್ಟೇ ರಾಜ್ಯ ಕಚೇರಿಯಿಂದ ಕಾಡಿ ಬೇಡಿ ತರಿಸಿಕೊಂಡಿದ್ದಳು. ಅಲ್ಲಿಯವರೆಗೆ ಅವಳು ನೋಡಿದ್ದು ಟೈಪು ಮಾಡಿದ ಪಟ್ಟಿ ಮಾತ್ರ, ಅದರಲ್ಲಿ ಯಾವ ಶಿಬಿರ ಎಂದು ಇರಲಿಲ್ಲ.

ನರ್ಸಮ್ಮ ಕಾಗದ ನೋಡಿದಳು. ತನ್ನದೇ ಕೈಬರಹ. ಅವಸರದಲ್ಲಿ ಎಡಕ್ಕೆ ವಾಲುವ ಅಕ್ಷರ, ಹನ್ನೊಂದರ ಎರಡು ಕಡ್ಡಿ. ಕೆಳಗೆ ಆವತ್ತಿನ ತಾರೀಖು, ಹೊತ್ತು ಸಂಜೆ ನಾಲ್ಕು ಮೂವತ್ತು. ಬಸ್ಸಿನ ಹಾರ್ನು ಕಿವಿಗೆ ಬಂತು. ಆ ಹೊತ್ತಿಗೆ ಬೆಂಚಿನ ಮೇಲೆ ಮಲಗಿದ್ದವರು ಮೂವರೇ. ಅವರಲ್ಲಿ ಮೊದಲು ಮಲಗಿದ್ದವಳು ಗೆರೆಯಕ್ಕ; ಮೂರರಲ್ಲಿ ಮೊದಲ ಫಾರಂ ಇದು.

"ನೆನಪಾಯ್ತಾ?" ಎಂದಳು ಗೆರೆಯಕ್ಕ.

"ಇಲ್ಲ" ಎಂದಳು ನರ್ಸಮ್ಮ.

ಆ 'ಇಲ್ಲ'ವನ್ನು ಅವಳು ಹತ್ತೊಂಬತ್ತು ದಿನ ಹೊಟ್ಟೆಯಲ್ಲಿಟ್ಟುಕೊಂಡಳು. ದಿನವೂ ಬಂದಳು, ಬೆನ್ನು ಒರೆಸಿದಳು, ಗಂಜಿ ಕುಡಿಸಿದಳು. ತನ್ನ ಮತ್ತು ಆಯಾಳ ಸ್ಲೈಡುಗಳ ಫಲಿತಾಂಶವನ್ನು ಗುಟ್ಟಾಗಿ ಹುಡುಕಿಸಿದಳು, ಎರಡೂ ಚೆನ್ನಾಗಿದ್ದವು. ಉಳಿದದ್ದು ಗೆರೆಯಕ್ಕನದೇ. ಸಾಯುವವಳಿಗೆ ಹೇಳಿ ಏನು ಸಾಧಿಸುವುದು ಎಂದು ಒಂದು ಮನಸ್ಸು. ಆದರೆ ಅತ್ತ ಗೆರೆಯಕ್ಕ ಜ್ವರದ ಮಂಪರಿನಲ್ಲೂ ಗಂಡನಿಗೆ ಫೋನು ಹಿಡಿಸಿಕೊಂಡು ಮಿಲ್ಲಿನ ಮೇಸ್ತ್ರಿಯನ್ನು ವಿಚಾರಿಸುತ್ತಿದ್ದಳು. ಇನ್ನೂ ಕಾಲ ಮೀರಿಲ್ಲ, ಸಿಕ್ಕರೆ ಉಳಿಸಬಹುದು ಎನ್ನುತ್ತಿದ್ದಳು. ಇಪ್ಪತ್ತನೆಯ ದಿನ, ಶನಿವಾರ, ನರ್ಸಮ್ಮನಿಗೆ ಅದನ್ನು ನೋಡಿಕೊಂಡು ಕೂರಲು ಆಗಲಿಲ್ಲ.

"ಹುಡುಕೋದು ನಿಲ್ಸು" ಎಂದಳು. "ಅದು ನೀನೇ."

ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಗೆರೆಯಕ್ಕ ತಾರಸಿಯ ಫ್ಯಾನನ್ನೇ ನೋಡುತ್ತಿದ್ದಳು. ನೋಡುತ್ತಲೇ ಕೇಳಿದಳು:

"ಹನ್ನೊಂದನೇ ನಂಬರು ಎಲ್ಲಿಂದ ತಂದೆ?"

"ಬಾಯಿಗೆ ಬಂದದ್ದು ಬರೆದೆ."

"ಅಲ್ಲಿ ಇರೋದೇ ಒಂಬತ್ತು ಮನೆ ಕಣೇ. ಒಂಬತ್ತರೊಳಗೆ ಬರ್ದಿದ್ರೆ..." ಎಂದು ನಿಲ್ಲಿಸಿದಳು. ಒಂಬತ್ತರೊಳಗೆ ಬರೆದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. "ಆವತ್ತು ನನಗೆ ಐವತ್ತೊಂದು, ಏಳು ವರ್ಷ ಕಡಿಮೆ ಬೇರೆ ಮಾಡಿದೀಯ. ಅದಕ್ಕೆ ಸಂತೋಷ."

ನಗು ಬಂದಂತಾಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವಳ ಮುಖ ಬೇರೆಯಾಗಿತ್ತು.

"ಹೊರಗೆ ಹೋಗು" ಎಂದಳು.

ನರ್ಸಮ್ಮ ಆ ದಿನವೂ ಮರುದಿನವೂ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದಳು. ದರ್ಜಿ ಟೀ ತಂದುಕೊಟ್ಟ. ಹೆಂಡತಿ ಅವನಿಗೆ ಎಲ್ಲ ಹೇಳಿದ್ದಳು. ಅವನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಟೇಪನ್ನು ಸುತ್ತುತ್ತ, ಬಿಚ್ಚುತ್ತ ಇದ್ದ.

ಸೋಮವಾರ ಮಧ್ಯಾಹ್ನ ಒಳಗಿನಿಂದ ಕರೆ ಬಂತು. ಗೆರೆಯಕ್ಕ ದಿಂಬಿಗೆ ಒರಗಿದ್ದಳು. ತೊಡೆಯ ಮೇಲೆ ರಿಜಿಸ್ಟರು ತೆರೆದಿತ್ತು.

"ಬೇರೆಯವರೂ ಹೀಗೆ ತುಂಬಿಸಿದಾರಾ?" ಎಂದು ಕೇಳಿದಳು.

"ಹೂಂ. ಎಲ್ಲಾ ಜಿಲ್ಲೆಯಲ್ಲೂ ಇರ್ಬಹುದು."

"ಹಾಗಾದ್ರೆ ಎಲ್ಲಾ ಜಿಲ್ಲೆಯಲ್ಲೂ ನನ್ನ ಥರದವರು ಇರ್ಬಹುದು. ಶೇಕಡಾ ಸಾಹೇಬರಿಗೆ ಫೋನು ಹಚ್ಚು."

ಸಾಹೇಬರು ಮೊದಲು ಆರೋಗ್ಯ ವಿಚಾರಿಸಿದರು. ವಿಷಯ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಮೇಡಂ, ಇದನ್ನ ಬರವಣಿಗೆಯಲ್ಲಿ ಹಾಕಿದ್ರೆ ಇಡೀ ರಾಜ್ಯದ ಫಾರಂ ಮತ್ತೆ ತೆಗೀಬೇಕಾಗತ್ತೆ. ಸಾವಿರಾರು..." ಎಂದರು.

"ತೆಗೀರಿ ಸಾರ್. 'ವಿಳಾಸದಲ್ಲಿಲ್ಲ' ಅಂತ ಮುಚ್ಚಿದ್ದನ್ನ ಮೊದ್ಲು ತೆಗೀರಿ. ಅವತ್ತಿನ ಸಿಬ್ಬಂದಿ ಯಾರು ಅಂತ ಕೇಳಿ."

"ಆ ಐವತ್ತರ ಆದೇಶ..." ಎಂದು ಸಾಹೇಬರು ತಡವರಿಸಿದರು. "ಅದು ನಾನೇ ಬರೆದದ್ದು ಮೇಡಂ."

"ಗೊತ್ತು ಸಾರ್" ಎಂದಳು. ನರ್ಸಮ್ಮ ಫೋನು ಆರಿಸಿದಳು.

ಗೆರೆಯಕ್ಕ ನೀಲಿ ಪೆನ್ನು ಕೇಳಿದಳು. ನಲವತ್ತೆಂಟನೆಯ ಸಾಲಿನಲ್ಲಿ ಮೊದಲ ಮನೆ ತುಂಬಿತ್ತು. ಎರಡನೆಯದು, ಸುದ್ದಿ ಮುಟ್ಟಿತು. ಅಲ್ಲಿ ಶನಿವಾರದ ತಾರೀಖು ಬರೆದಳು. ಪಕ್ಕದಲ್ಲಿ ಪರೀಕ್ಷೆಯಾದ ದಿನದಿಂದ ಎಷ್ಟು ದಿನ ತಡ ಎಂದು ಸಣ್ಣದಾಗಿ ಬರೆಯುವ ಅಭ್ಯಾಸವಿತ್ತು. ಬೆರಳು ಮಡಿಸಿ ಲೆಕ್ಕ ಹಾಕಿ, ತಪ್ಪಿ, ಮತ್ತೆ ಹಾಕಿ, ಐನೂರ ಹನ್ನೆರಡು ಎಂದು ಬರೆದಳು. ಕಾರಣ ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ನನ್ನ ಹೆಸರು ಬರಿ" ಎಂದಳು ನರ್ಸಮ್ಮ.

"ಯಾರಿಂದ ಅಂತ ಕೇಳಿಲ್ಲ ಇಲ್ಲಿ. ಯಾಕೆ ಅಂತ ಕೇಳಿದೆ." ನಿಧಾನಕ್ಕೆ ಒಂದೊಂದೇ ಪದ ಬರೆದಳು: ಐವತ್ತು ತುಂಬಿಸಲು ಸಿಬ್ಬಂದಿಯ ಸ್ಲೈಡನ್ನು ಬೇರೆ ಹೆಸರಿನಲ್ಲಿ ಕಳಿಸಲಾಗಿತ್ತು.

"ನನ್ನ ಕೆಲಸ ಹೋಗತ್ತೆ."

"ಹೋಗ್ಬಹುದು" ಎಂದಳು ಗೆರೆಯಕ್ಕ. ಅದರಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ನರ್ಸಮ್ಮ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಗೆರೆಯಕ್ಕ ತಲೆಯಾಡಿಸಿ ಬೇಡವೆಂದಳು. ಹೊತ್ತಿಲ್ಲ ಎಂಬಂತೆ ಮುಂದಿನ ಮನೆಗೆ ಹೋದಳು.

ಮೂರನೆಯದು, ಆಸ್ಪತ್ರೆಗೆ ಹೋದರು. ಎರಡನೆಯದಕ್ಕಿಂತ ಹಿಂದಿನ ತಾರೀಖು ಬಿತ್ತು. ಅಂಥ ಸಾಲು ಆ ರಿಜಿಸ್ಟರಿನಲ್ಲಿ ಅದೊಂದೇ. ನಾಲ್ಕನೆಯದು, ಚಿಕಿತ್ಸೆ ಶುರುವಾಯಿತು.

"ಇದಕ್ಕೂ ಬರೀತೀಯಾ?" ಎಂದು ದರ್ಜಿ ಬಾಗಿಲಿನಿಂದ ಕೇಳಿದ.

"ಶುರುವಾಯ್ತಾ ಅಂತ ಅಷ್ಟೇ ಕೇಳಿರೋದು" ಎಂದು ಅದನ್ನೂ ತುಂಬಿದಳು.

ಆಮೇಲೆ ಸ್ಟೀಲಿನ ಅಡಿಪಟ್ಟಿಯನ್ನು ಸಾಲಿನ ಮೇಲೆ ಇಟ್ಟಳು. ಅದು ಎರಡು ಸಲ ಜಾರಿತು. ನರ್ಸಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಳು. ಗೆರೆಯಕ್ಕ ಕೆಂಪು ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದಳು.

"ಬೆರಳು ತೆಗಿ, ಅಡ್ಡ ಬರ್ತಿದೆ" ಎಂದಳು. ನರ್ಸಮ್ಮ ಬೆರಳು ಹಿಂದಕ್ಕೆ ಸರಿಸಿದಳು. ಅವಳು ಎಡಗಡೆಯ ತುದಿಯಿಂದ ಬಲಗಡೆಯ ತುದಿಯವರೆಗೆ, ಎಲ್ಲೂ ಎತ್ತದೆ, ಗೆರೆ ಎಳೆದಳು.